ಪಟ್ಟದಾನೆಯ ಬ್ರೇಕಿಗೆ ಹೊಕ್ಕ ಗಾಳಿ

ಫೆಬ್ರವರಿ 2, ಭಾನುವಾರ

ನೆರೆದ ಮಹಾಜನಗಳೇ, ಮುಂದಿನ ಚಾಪೆಯಲ್ಲಿ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿರುವ ತಾಯಂದಿರೇ, ಕುರ್ಚಿಯ ಟಿಕೀಟು ಕೊಂಡ ಸಾಹುಕಾರರೇ, ತಗಡಿನ ಗೋಡೆಯ ಸಂದಿನಿಂದ ಪುಕ್ಕಟೆ ಇಣುಕುತ್ತಿರುವ ಜಾಣರೇ, ಎಲ್ಲರಿಗೂ ಈ ಗದಿಗೆಪ್ಪನ ನಮಸ್ಕಾರ. ಗದ್ದಲ ನಿಲ್ಲಲಿ. ಕಡಲೆಕಾಯಿ ಸುಲಿಯುವವರು ಸದ್ದಿಲ್ಲದೆ ಸುಲಿಯಲಿ. ಅಂಕದ ಪರದೆ ಏಳುತ್ತಿದೆ.

ನೀವು ಯಾರೂ ಇಲ್ಲಿ ಇಲ್ಲವೆಂದು ನನಗೆ ಗೊತ್ತು. ಇರುವುದು ಒಂದು ಡೈರಿ, ಒಂದು ಪೆನ್ನು, ದೊಡ್ಡನೆಕ್ಕುಂದಿಯ ಬಾಡಿಗೆ ಮನೆಯ ಜಗುಲಿ. ಆದರೆ ನಾನು ಅಪ್ಪನ ನಾಟಕ ಕಂಪನಿಯಲ್ಲಿ ಹುಟ್ಟಿ, ಬಣ್ಣದ ಪೆಟ್ಟಿಗೆಗಳ ನಡುವೆ ಮಲಗಿ ಬೆಳೆದವನು. ಕಂಪನಿ ಮುಚ್ಚಿತು, ಬೊಮ್ಮನಹಳ್ಳಿಯ ವಾಲ್ವ್ ಕಾರ್ಖಾನೆಯಲ್ಲಿ ಕೂದಲು ನರೆತು ನಿವೃತ್ತಿಯೂ ಆಯಿತು. ಎದುರಿಗೆ ಜನ ಇಲ್ಲದೆ ಮಾತ್ರ ಇವತ್ತಿಗೂ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಇಷ್ಟು ವರ್ಷ ಆ ಜನವೆಲ್ಲ ಒಬ್ಬಳೇ ಆಗಿದ್ದಳು, ನನ್ನ ಹೆಂಡತಿ ಚನ್ನಬಸಮ್ಮ. ಅವಳ ಆಸನ ನಮ್ಮ ಹಳೆಯ ಬಿಳಿ ಕಾರಿನ ಎಡಗಡೆಯ ಸೀಟು. ಆ ಕಾರಿಗೆ ನಾನಿಟ್ಟ ಹೆಸರು ಪಟ್ಟದಾನೆ. ಸಂಕ್ರಾಂತಿಯಿಂದ ಈಚೆಗೆ ಪಟ್ಟದಾನೆಯ ಆ ಸೀಟು ಖಾಲಿ.

ಆದದ್ದಿಷ್ಟು. ಸಂಕ್ರಾಂತಿಯ ಮಾರನೆಯ ದಿನ ನಂದಿಬೆಟ್ಟದಿಂದ ಇಳಿಯುತ್ತಿದ್ದೆವು. ಮಂಜು ಹರಿದು ಬಿಸಿಲು ಬಿದ್ದು ಬೆಟ್ಟವೆಲ್ಲ ಬೆಣ್ಣೆ ಸವರಿದಂತಿತ್ತು. ನಾನು ಸೇನಾಪತಿ ಹೊಳೆ ದಾಟುವ ಪ್ರವೇಶವನ್ನು ಹೇಳುತ್ತಿದ್ದೆ. ಕುದುರೆಯ ಎದೆಮಟ್ಟಕ್ಕೆ ನೀರು ಬಂದಿತ್ತು, ಅಷ್ಟರಲ್ಲಿ ನನ್ನ ಕಾಲ ಕೆಳಗಿನ ಬ್ರೇಕು ಹುದುಗಿನ ಹಿಟ್ಟಿನಂತೆ ಮೆತ್ತಗಾಯಿತು. ಒತ್ತಿದೆ, ಇಳಿಯಿತು. ಮತ್ತೆ ಒತ್ತಿದೆ, ಇನ್ನೂ ಇಳಿಯಿತು. ಎಬಿಎಸ್ ಇರುವ ಗಾಡಿ ಇದು, ಚಕ್ರ ಜಾರದಂತೆ ತಾನೇ ನೋಡಿಕೊಳ್ಳುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದವನು ನಾನು. ಹಿಡಿಯಲು ಎಣ್ಣೆಯ ಬಲವೇ ಇಲ್ಲದಿದ್ದರೆ ಎಬಿಎಸ್ ಏನು ಮಾಡೀತು? ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆನೆಯನ್ನು ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ. ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿಗೆ ಎದೆ ಒಡೆದುಕೊಳ್ಳುತ್ತಿದ್ದರು.

ಚನ್ನಬಸಮ್ಮ ಇಳಿದಳು. ಸೆರಗಿನ ಮಣ್ಣು ಕೊಡವಿದಳು. ಕೆಳಗೆ ನಡೆದುಹೋಗಿ ಬಸ್ಸು ಹತ್ತಿದಳು. ಗಾಡಿ ತಣ್ಣಗಾದ ಮೇಲೆ ಬ್ರೇಕು ಅರ್ಧ ಮರಳಿ ಬಂತು, ನಾನು ಆಮೆಯಂತೆ ಮನೆ ಸೇರಿದೆ. ಅವತ್ತು ಅವಳು ಹೇಳಿದ್ದು ಒಂದೇ ಮಾತು: ಇನ್ನು ಮೇಲೆ ನಿಮ್ಮ ಗಾಡಿಯಲ್ಲಿ ನಾನು ಕೂರುವುದಿಲ್ಲ.

ಮಹಾಜನಗಳೇ, ಈ ಗದಿಗೆಪ್ಪ ಇಂದು ಶಪಥ ಮಾಡುತ್ತಾನೆ. ಆ ಬ್ರೇಕನ್ನು ಕಲ್ಲಿನಂತೆ ಗಟ್ಟಿ ಮಾಡಿಸುತ್ತೇನೆ. ಅವಳನ್ನು ಅದೇ ಸೀಟಿನಲ್ಲಿ ಮತ್ತೆ ಕೂರಿಸುತ್ತೇನೆ.

ಫೆಬ್ರವರಿ 4, ಮಂಗಳವಾರ

ಮನೆ ಮಾಲೀಕ ರಾಮಾಂಜಿನಪ್ಪ ಬೆಳಿಗ್ಗೆ ಕಾಂಪೌಂಡಿನಲ್ಲಿ ನಿಂತು ಆನೆಯನ್ನು ಮೇಲಿಂದ ಕೆಳಗೆ ನೋಡಿದರು. ಈಗ ನಾಲ್ಕು ಅಂತಸ್ತಿನ ಕಟ್ಟಡವಿರುವ ಈ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದವರು ಅವರು. ನಿಂತ ಗಾಡಿಯನ್ನು ಕಂಡರೆ ಉಳದ ಎತ್ತನ್ನು ಕಂಡ ಹಾಗೆ ಅವರಿಗೆ ಸಂಕಟ.

“ಗದಿಗೆಪ್ಪನೋರೇ, ಇಂಗೇ ನಿಂತ್ರೆ ಇಲಿ ಗೂಡು ಕಟ್ತವೆ. ಮಾರಾಕಿ ಅತ್ಲಾಗೆ.”

ಪಟ್ಟದಾನೆಯನ್ನು ಮಾರಿದ ರಾಜ್ಯ ಉಳಿದಿದ್ದುಂಟೇ ಎಂದು ನಾನು ಸಾವಕಾಶವಾಗಿ ಆರಂಭಿಸಿದೆ. ಬೆಟ್ಟದ ಪ್ರಸಂಗವನ್ನೂ ಸೇರಿಸಿ ಹೇಳಿದೆ, ಬ್ರೇಕು ಹೇಗೆ ಮೋಸ ಮಾಡಿತು, ನಾನು ಹೇಗೆ ಧೃತಿಗೆಡಲಿಲ್ಲ, ಎಲ್ಲ. ಅಷ್ಟರಲ್ಲಿ ತಲೆಯ ಮೇಲೆ ಯುದ್ಧವಿಮಾನವೊಂದು ಹಾದುಹೋಯಿತು. ಅದು ದೂರವಾದಾಗ ಬಾಗಿಲಲ್ಲಿ ಚನ್ನಬಸಮ್ಮ ನಿಂತಿದ್ದಳು. ನನ್ನನ್ನು ನೋಡದೆ ರಾಮಾಂಜಿನಪ್ಪನವರಿಗೆ ಹೇಳಿದಳು:

“ಬ್ರೇಕ್ ಹೋಗಿತ್ತು, ಖರೆ. ಆಗ ಅವರ ಕೈ ಎಲ್ಲಿದ್ದವು ಅಂತ ಕೇಳ್ರಿ.”

ಕೈ ಎಲ್ಲಿರಬೇಕು? ಒಂದು ಕೈಯಲ್ಲಿ ಕುದುರೆಯ ಲಗಾಮು, ಇನ್ನೊಂದರಲ್ಲಿ ಖಡ್ಗ. ಸೇನಾಪತಿ ಕೈಕಟ್ಟಿಕೊಂಡು ಹೊಳೆ ದಾಟುತ್ತಾನೆಯೇ? ಸ್ಟೇರಿಂಗನ್ನು ಮೊಣಕಾಲಿನಲ್ಲಿ ಹಿಡಿದಿದ್ದೆ. ಈ ಹೆಂಗಸಿಗೆ ಕಲೆಯ ಮೇಲೆ ಕನಿಕರವಿಲ್ಲ.

ಫೆಬ್ರವರಿ 6, ಗುರುವಾರ

ಗುರುವಾರವೆಂದರೆ ಕಾಡುಗೋಡಿ. ಅಲ್ಲಿ ನಾಗಲಕ್ಷ್ಮಮ್ಮ ಇದ್ದಾಳೆ, ಗಾರ್ಮೆಂಟ್ಸ್ ಕಾಲದ ಗೆಳತಿ. ಬೊಮ್ಮನಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ಅವಳೂ ಚನ್ನಬಸಮ್ಮನೂ ಅಕ್ಕಪಕ್ಕದ ಮಿಷನ್ನುಗಳಲ್ಲಿ ಕೂತು ಪರದೇಶದವರ ಅಂಗಿಗಳಿಗೆ ಕಾಲರ್ ಹೊಲಿದವರು. ಪ್ರತಿ ಗುರುವಾರ ನಾನು ಚನ್ನಬಸಮ್ಮನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಹೋಗುವಾಗ ಒಂದು ನಾಟಕ, ಬರುವಾಗ ಒಂದು ನಾಟಕ. ಈಗ ಅವಳು ಆಟೋದಲ್ಲಿ ಹೋಗಿ ಮೆಟ್ರೋ ಹತ್ತುತ್ತಾಳೆ.

ಅವಳು ಹೋದ ಮೇಲೆ ನಾನು ಹೋಗಿ ಆನೆಯೊಳಗೆ ಕೂತೆ. ನನ್ನ ಸೀಟಿನಲ್ಲಲ್ಲ, ಅವಳ ಸೀಟಿನಲ್ಲಿ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ರಸ್ತೆಯಂಚಿನ ಮರದಿಂದ ಗುಲಾಬಿ ಬಣ್ಣದ ಹೂಗಳು ಒಂದೊಂದಾಗಿ ಗಾಜಿನ ಮೇಲೆ ಬೀಳುತ್ತಿದ್ದವು. ಬಿದ್ದದ್ದು ಕೇಳಿಸದು, ಬಿದ್ದ ಮೇಲೆ ಕಾಣುತ್ತದೆ. ಮಧ್ಯಾಹ್ನದ ಸೈರನ್ ಎಲ್ಲಿಂದಲೋ ತೇಲಿಬಂತು. ಸ್ವಲ್ಪ ಹೊತ್ತಿಗೆ ಗಾಜು ತುಂಬ ಗುಲಾಬಿ ಬಣ್ಣದ ನೆರಳು, ನಾನು ಯಾವುದೋ ಪರದೆಯ ಹಿಂದೆ ಕೂತಿದ್ದೇನೆ, ಆಚೆ ಜನ ಕೂತಿದ್ದಾರೆ, ಯಾರೂ ಗಂಟೆ ಹೊಡೆಯುತ್ತಿಲ್ಲ ಎನ್ನಿಸಿತು. ಕಣ್ಣು ತೂಗಿತು.

ಆ ಸೀಟಿನಿಂದ ನೋಡಿದರೆ ರಸ್ತೆ ತೀರಾ ಹತ್ತಿರವಿದೆ, ಮಹಾಜನಗಳೇ. ಬ್ರೇಕು ಮಾತ್ರ ಕಾಲಿಗೆ ಸಿಗುವುದಿಲ್ಲ.

ಫೆಬ್ರವರಿ 9, ಭಾನುವಾರ

ರಾಮಾಂಜಿನಪ್ಪನವರ ಮಗ ನಂದೀಶ ಇಲ್ಲೇ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಈ ಬ್ರೇಕಿನಲ್ಲಿ ಗಾಡಿಯನ್ನು ಗ್ಯಾರೇಜಿಗೆ ತರುವುದು ಬೇಡ, ರಜೆಯ ದಿನ ಕಾಂಪೌಂಡಿನಲ್ಲೇ ಮಾಡಿಕೊಡುತ್ತೇನೆ ಎಂದಿದ್ದ. ಬೆಳಿಗ್ಗೆಯೇ ಬಂದು ಆನೆಯನ್ನು ಸ್ಟ್ಯಾಂಡುಗಳ ಮೇಲೆ ಏರಿಸಿ ನಾಲ್ಕೂ ಚಕ್ರ ಕಳಚಿದ.

ಬಾನೆಟ್ಟಿನ ಕೆಳಗೆ ಬ್ರೇಕ್ ಎಣ್ಣೆಯ ಪುಟ್ಟ ಡಬ್ಬಿ ಇದೆ. ಮುಚ್ಚಳ ತೆಗೆದು ತೋರಿಸಿದ. ಕಷಾಯದಂತೆ ಕಪ್ಪಗಿತ್ತು. ಈ ಎಣ್ಣೆ ಗಾಳಿಯಲ್ಲಿರುವ ನೀರಿನ ಪಸೆಯನ್ನು ಸದ್ದಿಲ್ಲದೆ ಕುಡಿಯುತ್ತಲೇ ಇರುತ್ತದಂತೆ. ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟರೆ, ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ. ಎಣ್ಣೆಯನ್ನು ಒತ್ತಿದರೆ ಚಕ್ರಕ್ಕೆ ಬಲ ಮುಟ್ಟುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗಿ ಸುಮ್ಮನಾಗುತ್ತದೆ. ಹೀಗೆಂದು ನಂದೀಶ ಹೇಳಿದ. ನನಗೆ ಮಾತ್ರ ದೊಡ್ಡನೆಕ್ಕುಂದಿ ಕೆರೆಯ ಬೆಳಗಿನ ಮಂಜೆಲ್ಲ ಒಂದೊಂದು ಗುಟುಕಾಗಿ ನಮ್ಮ ಆನೆಯ ನರಗಳೊಳಗೆ ಇಳಿಯುವುದು ಕಣ್ಣಿಗೆ ಕಟ್ಟಿತು.

ಹಳೆಯದನ್ನು ಸಿರಿಂಜಿನಿಂದ ಹೀರಿ ತೆಗೆದು ಹೊಸ ಎಣ್ಣೆ ಸುರಿದ. ತೆಳು ಜೇನಿನ ಬಣ್ಣ. ಇನ್ನು ಕೊಳವೆಗಳಲ್ಲಿ ಉಳಿದದ್ದನ್ನು ಚಕ್ರಗಳ ಕಡೆಯಿಂದ ಹೊರಡಿಸಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಚಕ್ರದ ಬಳಿ ಎಣ್ಣೆ ಹೊರಬಿಡುವ ಪುಟ್ಟ ನಿಪ್ಪಲ್ಲನ್ನು ಸ್ಪ್ಯಾನರಿನಿಂದ ಚೂರು ಸಡಿಲಿಸಬೇಕು. ಎಣ್ಣೆಯೂ ಅದರಲ್ಲಿ ಸಿಕ್ಕ ಗಾಳಿಯೂ ಪಾರದರ್ಶಕ ನಳಿಗೆಯಲ್ಲಿ ಹರಿದು ಸೀಸೆಗೆ ಬೀಳುತ್ತವೆ. ನಿಪ್ಪಲ್ ಮತ್ತೆ ಬಿಗಿ ಮಾಡಿದ ಮೇಲೆಯೇ ಕಾಲು ಎತ್ತಬೇಕು.

“ನಾನು ಬಿಡಿ ಅನ್ನೋವರ್ಗೂ ಕಾಲು ಎತ್ಬೇಡಿ ಅಂಕಲ್. ಮಧ್ಯ ಎತ್ತಿದ್ರೆ ಗಾಳಿ ವಾಪಸ್ ಎಳ್ಕೊಳುತ್ತೆ.”

ಸೂತ್ರಧಾರನ ಸನ್ನೆಗೆ ಕಾಯುವುದನ್ನು ನನಗೆ ಹೇಳಿಕೊಡುವುದೇ? ನಕ್ಕು ಸಿಂಹಾಸನ ಏರಿದೆ. ಮೊದಲು ಡಬ್ಬಿಯಿಂದ ಅತಿ ದೂರದ ಎಡಹಿಂದಿನ ಚಕ್ರ. ಒತ್ತಿ, ಎಂದ. ಒತ್ತಿದೆ. ಎಡಗಡೆಯ ಕನ್ನಡಿಯಲ್ಲಿ ಅವನ ಸೀಸೆ ಕಾಣುತ್ತಿತ್ತು. ಕಂದು ಎಣ್ಣೆಯ ನಡುವೆ ಗುಳ್ಳೆಗಳು ಒಂದರ ಹಿಂದೊಂದು ಬಂದವು. ಬಿಸಿಲು ಹಾಯ್ದಾಗ ಅವು ಮುತ್ತಿನ ಸರ, ಮರೆಯಾದಾಗ ಮೀನಿನ ಕಣ್ಣು. ನೋಡುತ್ತ ನೋಡುತ್ತ ನಾನು ಒಂದು ಕಂದ ಪದ್ಯ ಗುನುಗಿದೆ. ಆಮೇಲೆ ಪದ್ಯಕ್ಕೆ ಹಿನ್ನೆಲೆಯಾಗಿ ಒಂದು ಪ್ರಸಂಗವನ್ನೂ ನಂದೀಶನಿಗೆ ಹೇಳತೊಡಗಿದೆ. ಬಾಗಿಲಲ್ಲಿ ಚನ್ನಬಸಮ್ಮ ಅವರೆಕಾಳು ಹಿಸುಕುತ್ತ ಕೂತಿದ್ದಳು. ಅವಳ ಕಿವಿಗೂ ಬೀಳಲೆಂದು ದನಿ ಸ್ವಲ್ಪ ಏರಿಸಿದೆ.

ಗುಳ್ಳೆಗಳು ಮುಗಿಯಲೇ ಇಲ್ಲ. ಇನ್ನೊಂದು ಸಲ ಎಂದ, ಮತ್ತೊಂದು ಸಲ ಎಂದ. ನಳಿಗೆ ಬದಲಿಸಿದ, ನಿಪ್ಪಲ್ ಒರೆಸಿದ. ಒತ್ತಿ, ಬಿಡಿ, ಒತ್ತಿ, ಬಿಡಿ. ಕೊನೆಗೆ ನನ್ನ ಕಾಲಿನ ಕೆಳಗಿನ ಬ್ರೇಕು ಕೆಸರಿಗೆ ಇಳಿದಂತೆ ಇಳಿದು ಮೇಲೆ ಬರಲಿಲ್ಲ. ನಂದೀಶ ಓಡಿಬಂದು ಡಬ್ಬಿ ನೋಡಿದ. ಖಾಲಿ. ಅಷ್ಟು ಸಲ ಒತ್ತಿದ್ದರಲ್ಲಿ ಹೊಸ ಎಣ್ಣೆಯೆಲ್ಲ ಹೊರಗೆ ಹರಿದುಹೋಗಿತ್ತು. ಮುಗಿಯದ ಗುಳ್ಳೆಗಳ ಗಡಿಬಿಡಿಯಲ್ಲಿ ಮತ್ತೆ ತುಂಬುವುದು ಇಬ್ಬರಿಗೂ ನೆನಪಾಗಿರಲಿಲ್ಲ.

ಅವನು ಕೆಳಗೆ ಕೂತುಬಿಟ್ಟ. ಗಾಳಿ ಈಗ ಎಬಿಎಸ್ ಪೆಟ್ಟಿಗೆಗೇ ಹೊಕ್ಕಿದೆಯಂತೆ. ಅದರೊಳಗೆ ಸಣ್ಣ ಸಣ್ಣ ಬಾಗಿಲುಗಳಿವೆ, ಒಂದು ಮೋಟಾರಿದೆ. ಬರೀ ಕಾಲಿನಿಂದ ಒತ್ತಿದರೆ ಆ ಬಾಗಿಲುಗಳು ತೆರೆಯುವುದಿಲ್ಲ. ಗ್ಯಾರೇಜಿನ ಸ್ಕ್ಯಾನರ್ ಜೋಡಿಸಿ ಅಪ್ಪಣೆ ಕೊಟ್ಟರೆ ತೆರೆಯುತ್ತವೆ. ಆ ಯಂತ್ರ ಮುಂದಿನ ಭಾನುವಾರದವರೆಗೆ ಸಿಗುವುದಿಲ್ಲ.

“ಅಂಕಲ್, ನಾನು ಹೇಳೋಕ್ ಮುಂಚೆ ಕಾಲು ಎತ್ತಿದ್ರಾ?”

ನಾನು ಇಲ್ಲ ಎಂದೆ. ಬಣ್ಣ ಹಚ್ಚಿದವನು ಸನ್ನೆ ತಪ್ಪುವುದಿಲ್ಲ.

ಫೆಬ್ರವರಿ 10, ಸೋಮವಾರ

ಆನೆ ಕಾಲಿಲ್ಲದೆ ನಿಂತಿದೆ. ಇವತ್ತು ಪ್ರದರ್ಶನವಿಲ್ಲ.

ಫೆಬ್ರವರಿ 12, ಬುಧವಾರ

ಮಧ್ಯಾಹ್ನ ಒಂದು ಕನಸು ಬಿತ್ತು. ನಾಟಕದ ಡೇರೆಯ ತುಂಬ ಜೇನುಬಣ್ಣದ ನೀರು. ನಾನು ರಾಜನ ಪೋಷಾಕಿನಲ್ಲಿ ಮಾತಾಡುತ್ತಿದ್ದೇನೆ, ಬಾಯಿಂದ ಬರೀ ಗುಳ್ಳೆಗಳು ಹೊರಡುತ್ತಿವೆ. ಅವು ಮೇಲೇರಿ ಡೇರೆಯ ಬಟ್ಟೆಗೆ ತಾಗಿ ಅಲ್ಲೇ ನಿಲ್ಲುತ್ತಿವೆ. ಕೆಳಗೆ ಜನ ತಲೆಯೆತ್ತಿ ನೋಡುತ್ತಿದ್ದಾರೆ. ಹೆದರಿಕೆಯಾಗಲಿಲ್ಲ. ತೇಲುವುದು ಹಿತವಾಗಿಯೇ ಇತ್ತು.

ಎದ್ದಾಗ ಚನ್ನಬಸಮ್ಮ ಚಹಾ ತಂದಿಟ್ಟಳು. ಭಾನುವಾರದಿಂದ ಹೇಳಬೇಕೆಂದಿದ್ದೆ ಎಂದಳು. ಅವಳು ಹಾಗೆ ಪೀಠಿಕೆ ಹಾಕುವವಳೇ ಅಲ್ಲ, ನಾನು ಎದ್ದು ಕೂತೆ.

“ನಿಮ್ಮ ಕಾಲು ನಿಲ್ಲಲೇ ಇಲ್ಲರಿ. ನೀವು ಪೇಟಿ ಬಾರಸಾಕತ್ತಿದ್ರಿ.”

ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಕಂಪನಿಯಲ್ಲಿದ್ದದ್ದು ಕಾಲು ಹಾರ್ಮೋನಿಯಂ: ಕೆಳಗಿನ ಹಲಗೆಯನ್ನು ಕಾಲಿನಿಂದ ತುಳಿದು ಗಾಳಿ ತುಂಬಬೇಕು, ಮೇಲೆ ಎರಡೂ ಕೈಯಲ್ಲಿ ನುಡಿಸಬೇಕು. ಪಾತ್ರಕ್ಕೆ ಏರುವ ಮೊದಲು ನಾನು ಅದನ್ನು ತುಳಿದವನು, ನಿದ್ದೆಗಣ್ಣಿನಲ್ಲಿ, ಜ್ವರದಲ್ಲಿ, ಹಬ್ಬಗಳಲ್ಲಿ. ಅದರ ನಿಯಮ ಒಂದೇ, ಕಾಲು ಎಂದೂ ಕೆಳಗೆ ನಿಲ್ಲಕೂಡದು. ನಿಂತರೆ ಗಾಳಿ ಬತ್ತಿ ಸ್ವರ ಸಾಯುತ್ತದೆ.

ಅಸಂಬದ್ಧ, ಎಂದು ನಾನು ಗುಡುಗಿದೆ. ನಟನ ಅಂಗಾಂಗಗಳು ಅವನ ಅಂಕೆಯಲ್ಲಿರುತ್ತವೆ, ಭರತಭೂಮಿಯಲ್ಲಿ ಎಂದು ಏನೋ ಶುರು ಮಾಡಿದೆ. ಅವಳು ಬೆರಳು ತೋರಿಸಿ ಕೆಳಗೆ ನೋಡ್ರಿ ಎಂದಳು.

ನೋಡಿದೆ. ನನ್ನ ಬಲಗಾಲು ಮಂಚದ ಕೆಳಗೆ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಮಾತು ನಿಲ್ಲಿಸಿದೆ. ಕಾಲೂ ನಿಂತಿತು. ಒಂದೆರಡು ಮಾತು ಆಡಿ ನೋಡಿದೆ. ಕಾಲು ಎದ್ದಿತು.

ಅವಳು ನಗಲಿಲ್ಲ. ಚಹಾ ಆರತೈತಿ ಎಂದಳು, ಅಷ್ಟೇ. ಇಷ್ಟು ವರ್ಷ ನನ್ನ ಬಾಯಿಯನ್ನು ನೋಡುತ್ತ ಕೂತಿದ್ದಾಳೆ ಅಂದುಕೊಂಡಿದ್ದೆ. ಅವಳು ಕಾಲನ್ನು ನೋಡಿದ್ದಾಳೆ.

ಫೆಬ್ರವರಿ 14, ಶುಕ್ರವಾರ

ನಂದೀಶನಿಗೆ ವಿಷಯ ತಿಳಿಸಿದೆ. ಅವನು ಬಾಯಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಕೆಮ್ಮಿದ. ಬೇರೆ ಕಾಲು ಬೇಕು ಅಂಕಲ್ ಎಂದ. ರಾಮಾಂಜಿನಪ್ಪನವರಿಗೆ ಮಂಡಿನೋವು. ಅವರ ಹೆಂಡತಿ ವಸಂತಮ್ಮ ಕಾರಿನ ಬಾಗಿಲು ಮುಟ್ಟಲೂ ಅಂಜುತ್ತಾರೆ. ನಾನು ಕಾಲಿಗೆ ಹಗ್ಗ ಕಟ್ಟಿಕೊಂಡು ಅಭ್ಯಾಸ ಮಾಡುತ್ತೇನೆ ಎಂದೆ.

ಅಲ್ಲೇ ರಂಗೋಲಿ ತೊಳೆಯುತ್ತಿದ್ದ ಚನ್ನಬಸಮ್ಮ ಬಕೆಟ್ ಕೆಳಗಿಟ್ಟಳು.

“ಚಕ್ರ ಇಲ್ಲದ ಗಾಡಿ, ಅದೆಲ್ಲಿ ಹೊಕ್ಕೈತಿ. ನಾ ಕುಂದರತೀನಿ.”

ಫೆಬ್ರವರಿ 16, ಭಾನುವಾರ

ಮಹಾಜನಗಳೇ, ಇವತ್ತು ನಿಮಗೆ ಹೇಳುವಂಥದ್ದು ಹೆಚ್ಚಿಲ್ಲ. ನಾನು ರಂಗದ ಮೇಲೆ ಇರಲೇ ಇಲ್ಲ.

ಚನ್ನಬಸಮ್ಮ ನನ್ನ ಸೀಟಿನಲ್ಲಿ ಕೂತಳು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬ್ರೇಕನ್ನು ಒಮ್ಮೆ ಸವರಿದಳು. ಸೀಟು ಮುಂದೆ ಎಳೆದುಕೊಂಡಳು. ಗಾರ್ಮೆಂಟ್ಸಿನ ಮಿಷನ್ನು ಗುಂಡಿನ ಹಾಗೆ ಓಡುತ್ತದಂತೆ. ಕಾಲರಿನ ಮೂಲೆ ಬಂದಾಗ ಸೂಜಿ ಬಟ್ಟೆಯೊಳಗೇ ನಿಲ್ಲಬೇಕು, ಒಂದು ಹೊಲಿಗೆ ಹೆಚ್ಚಾದರೂ ಅಂಗಿ ವಾಪಸ್. ಅದನ್ನು ನಿಲ್ಲಿಸುವುದು ಕಾಲೇ. ಇದನ್ನೆಲ್ಲ ಅವಳು ನಂದೀಶನಿಗೆ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ನನಗೆ ಕೊಟ್ಟ ಕೆಲಸ ಡಬ್ಬಿ ಕಾಯುವುದು. ಎಣ್ಣೆ ಕೆಳಗಿನ ಗೆರೆಯತ್ತ ಇಳಿಯುವ ಮೊದಲೇ ತುಂಬುತ್ತಿರಬೇಕು. ತುಂಬುವಾಗ ಬಣ್ಣದ ಮೇಲೆ ಚೆಲ್ಲಬಾರದು, ಚೆಲ್ಲಿದರೆ ಬಣ್ಣ ಸುಲಿದುಬರುತ್ತದೆ. ಮಾತಾಡಿದರೆ ಕೈ ಅಲುಗುತ್ತದೆ, ಹಾಗಾಗಿ ಮಾತಾಡಲಿಲ್ಲ.

ಎತ್ತಿದ ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಒಂದು ಸಂದು ಇರುತ್ತದೆ. ಅಲ್ಲಿಂದ ಅವಳ ಮುಖ ಕಾಣುತ್ತಿತ್ತು, ಹಣೆಯ ವಿಭೂತಿಯಿಂದ ಗದ್ದದವರೆಗೆ ಅಷ್ಟೇ. ಪರದೆಯ ಸಂದಿನಿಂದ ಪ್ರೇಕ್ಷಕರನ್ನು ಕದ್ದು ನೋಡಿದ್ದು ಎಷ್ಟೋ ಸಲ. ಇದು ಬೇರೆ. ಒತ್ತಿ ಆಂಟಿ, ಎಂದು ಹಿಂದಿನಿಂದ ಕೂಗು. ಒತ್ತೀನಿ, ಎಂದು ಇಲ್ಲಿಂದ. ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಅವಳು ಒತ್ತಿಯೇ ಹಿಡಿದಿರುತ್ತಿದ್ದಳು, ಮುಖದ ಒಂದು ಗೆರೆಯೂ ಅಲುಗದು. ಡಬ್ಬಿಯ ಎಣ್ಣೆ ಕೂದಲೆಳೆಯಷ್ಟು ಇಳಿಯುತ್ತಿತ್ತು. ಬಿಡಿ, ಎಂದು ನಂದೀಶ ಕೂಗಿದ ಮೇಲೆ ಅವಳ ಹುಬ್ಬು ಸಡಿಲವಾಗುತ್ತಿತ್ತು. ಎಡಹಿಂದೆ, ಬಲಹಿಂದೆ, ಎಡಮುಂದೆ, ಬಲಮುಂದೆ. ಪ್ರತಿ ಚಕ್ರದಲ್ಲೂ ಮೊದಲು ಕಷಾಯ, ಆಮೇಲೆ ಚಹಾ, ಆಮೇಲೆ ಜೇನು.

ಬಳಿಕ ಸ್ಕ್ಯಾನರ್. ನಂದೀಶ ಸ್ಟೇರಿಂಗಿನ ಕೆಳಗೆ ವಯರು ಸಿಕ್ಕಿಸಿ ಏನೋ ಒತ್ತಿದ. ಎಬಿಎಸ್ ಪೆಟ್ಟಿಗೆ ದುಂಬಿಯ ಗೂಡಿನಂತೆ ಗುಂಯ್‌ಗುಟ್ಟಿತು, ಒಳಗೆ ಟಕಟಕ ಎಂದು ಬಾಗಿಲುಗಳು ತೆರೆದು ಮುಚ್ಚಿದವು. ಚನ್ನಬಸಮ್ಮನ ಕಣ್ಣು ಅಗಲವಾದದ್ದು ಸಂದಿನಲ್ಲಿ ಕಂಡಿತು. ಆದರೂ ಕಾಲು ಎತ್ತಲಿಲ್ಲ.

“ನಾ ಒತ್ತೀನಿ. ಅದೂ ತಿರುಗಿ ಒತ್ತಾಕತ್ತೈತಿ,” ಎಂದಳು.

ಆ ಗುಂಯ್‌ಗಾಟದ ನಡುವೆ ಅವಳ ತುಟಿ ಮತ್ತೆ ಅಲುಗಿತು. ದನಿ ಇಲ್ಲ. ನನ್ನನ್ನೇ ನೋಡುತ್ತ ಏನೋ ಹೇಳಿದಳು, ಹುಬ್ಬು ಏರಿಸಿ ಇಳಿಸಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಕಣ್ಣು ತೆಗೆಯಲೂ ಆಗಲಿಲ್ಲ.

ಪೆಟ್ಟಿಗೆಯಿಂದ ಹೊರಟ ಗಾಳಿಯನ್ನು ಹೊರಹಾಕಲು ನಾಲ್ಕೂ ಚಕ್ರಗಳಿಗೆ ಮತ್ತೊಂದು ಸುತ್ತು ಮಾಡಿದರು. ಕೊನೆಯ ನಳಿಗೆಯಲ್ಲಿ ಒಂದೂ ಗುಳ್ಳೆ ಇರಲಿಲ್ಲ. ಬ್ರೇಕು ಮೇಲೆಯೇ ಗಟ್ಟಿಯಾಗಿ ನಿಂತಿತು. ಚನ್ನಬಸಮ್ಮ ಇಳಿದು ಚಪ್ಪಲಿ ಮೆಟ್ಟಿ, ಅಡುಗೆ ಮುಗಿಸಬೇಕೆಂದು ಒಳಗೆ ಹೋದಳು. ಚಕ್ರ ಹಾಕಿದ ಮೇಲೆ ಒಂದು ಸುತ್ತು ಬಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು.

ಫೆಬ್ರವರಿ 17, ಸೋಮವಾರ

ನಿನ್ನೆ ತುಟಿಯಲ್ಲಿ ಏನು ಹೇಳಿದೆ ಎಂದು ಕೇಳಿದೆ. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಿಲ್ಲ, ಹೋಗಿ ನೋಡಿ ಅಂದಿದ್ದಳಂತೆ.

ಅದು ಗಾರ್ಮೆಂಟ್ಸಿನ ಭಾಷೆ. ಅಲ್ಲಿ ಮಿಷನ್ನುಗಳ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ, ಮಾತಾಡುವುದು ಕಂಡರೆ ಸೂಪರ್‌ವೈಸರ್ ಬರುತ್ತಾನೆ. ಅದಕ್ಕೆ ಹೆಂಗಸರೆಲ್ಲ ತುಟಿಯಲ್ಲೇ ಮಾತು ಕಲಿತರು. ಆ ತುದಿಯಲ್ಲಿ ಗುಂಡಿ ಹಾಕುವವಳು ಈ ತುದಿಯ ಕಾಲರಿನವಳ ಮನೆಯ ಸುದ್ದಿಯನ್ನೆಲ್ಲ ಬಲ್ಲಳು. ಕಣ್ಣು ಬಟ್ಟೆಯ ಮೇಲೆ, ಚೂರು ಎತ್ತಿದರೆ ಎದುರಿನವಳ ತುಟಿಯ ಮೇಲೆ. ಯಾರಿಗೋ ಮಗುವಾಗಿದ್ದು, ಯಾರ ಗಂಡನೋ ಹೊಡೆದದ್ದು, ಎಲ್ಲ ಹಾಗೆಯೇ ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ನಾಗಲಕ್ಷ್ಮಮ್ಮನ ಬೆರಳಿಗೆ ಸೂಜಿ ಹೊಕ್ಕಾಗ ಅವಳು ಚೀರಿದ್ದು ಯಾರಿಗೂ ಕೇಳಿಸಲಿಲ್ಲ, ಕಂಡಿತು. ಚನ್ನಬಸಮ್ಮನೇ ಎದ್ದುಹೋಗಿ ಮಿಷನ್ ನಿಲ್ಲಿಸಿದಳು.

ನಾನು ಅವಳನ್ನು ಆ ಕಾರ್ಖಾನೆಯ ಗೇಟಿನಿಂದ ಕರೆತರುತ್ತಿದ್ದೆ. ಸೈಕಲ್ಲಿನಲ್ಲಿ, ಆಮೇಲೆ ಸ್ಕೂಟರಿನಲ್ಲಿ. ಇದೇನೂ ನನಗೆ ಗೊತ್ತಿರಲಿಲ್ಲ.

ಕೇಳುತ್ತ ಕೇಳುತ್ತ ಸಂಜೆಯಾಗಿದ್ದು ತಿಳಿಯಲಿಲ್ಲ. ಕಿಟಕಿಯಲ್ಲಿ ಬೆಳಕು ಮೆಲ್ಲಗೆ ಜೇನಿನಿಂದ ಕಷಾಯಕ್ಕೆ ತಿರುಗಿತು. ದೀಪ ಹಾಕಲು ಇಬ್ಬರೂ ಏಳಲಿಲ್ಲ.

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುನ್ನ ನಂದೀಶ ಬಂದ. ಇಬ್ಬರೂ ಗಾಡಿ ತೆಗೆದೆವು. ಕೆರೆಯ ಕಡೆಗಿನ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಒತ್ತಿ ನೋಡಿದೆ, ಹಿಡಿಯಿತು. ಜೋರಾಗಿ ಒತ್ತಿ ನೋಡಿದೆ, ಹಿಡಿಯಿತು. ಜಲ್ಲಿಪುಡಿ ಚೆಲ್ಲಿದ್ದ ಕಡೆ ಒತ್ತಿಬಿಡಿ ಅಂಕಲ್ ಎಂದ. ಒತ್ತಿದೆ. ಬ್ರೇಕು ನನ್ನ ಕಾಲ ಕೆಳಗೆ ಗುದ್ದಿತು, ಒಂದು, ಎರಡು, ಹಲವು ಸಲ; ಆನೆ ಜಾರದೆ ನೇರವಾಗಿ ನಿಂತಿತು. ಚನ್ನಬಸಮ್ಮ ಹೇಳಿದ ಹಾಗೆ ಅದೂ ತಿರುಗಿ ಒತ್ತಿತು. ಕಾಲು ಎತ್ತದೆ ಹಿಡಿದೇ ಇದ್ದೆ. ಕೆರೆಯ ಮೇಲೆ ಮಂಜು ಇನ್ನೂ ಇತ್ತು. ಅದರೊಳಗಿನಿಂದ ಬೆಳ್ಳಕ್ಕಿಗಳು ಒಂದೊಂದಾಗಿ ಹೊರಬರುತ್ತಿದ್ದವು, ಯಾರೋ ಒಳಗೆ ಕೂತು ಬಿಳಿ ಕಾಗದ ಕತ್ತರಿಸಿ ಬಿಡುತ್ತಿರುವ ಹಾಗೆ.

ಮನೆಗೆ ಬಂದಾಗ ಚನ್ನಬಸಮ್ಮ ಹೂ ಗುಡಿಸುತ್ತಿದ್ದಳು. ನಂದೀಶ ಅವಳ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದ್ದು ನನಗೂ ಕೇಳಿಸಿತು.

“ಆಂಟಿ, ಅಂಕಲ್‌ಗೆ ಹುಷಾರಿಲ್ವಾ? ಹೋಗಿ ಬರೋವರ್ಗೂ ಒಂದ್ ಮಾತೂ ಆಡ್ಲಿಲ್ಲ.”

ನನಗೇನಾಗಿದೆ, ಚೆನ್ನಾಗಿಯೇ ಇದ್ದೇನೆ. ಬ್ರೇಕಿನ ಸದ್ದು ಕೇಳುತ್ತಿದ್ದೆ, ಮಾತಾಡಲು ಹೊತ್ತೆಲ್ಲಿತ್ತು? ಚನ್ನಬಸಮ್ಮ ಪೊರಕೆ ಹಿಡಿದು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗುಡಿಸಿದಳು.

ಸಂಜೆ ಪಾತ್ರೆ ತೊಳೆಯುತ್ತ ತಾನಾಗಿಯೇ ಮಾತು ತೆಗೆದಳು. ಗಾರ್ಮೆಂಟ್ಸಿನಲ್ಲಿ ಅವಳೂ ಕಥೆ ಹೇಳುತ್ತಿದ್ದಳಂತೆ. ಹಿಂದಿನ ದಿನ ಸ್ಕೂಟರಿನಲ್ಲಿ ನಾನು ಹೇಳಿದ ನಾಟಕವನ್ನು ಮರುದಿನ ತುಟಿಯಲ್ಲೇ ಇಡೀ ಸಾಲಿಗೆ ಹೇಳುವುದು. ಕಾಲರ್ ಮುಗಿಸುವಷ್ಟರಲ್ಲಿ ಒಂದು ಪ್ರವೇಶ. ಹೆಂಗಸರು ಊಟದ ಡಬ್ಬಿ ಮುಚ್ಚಿ ಬೇಗ ಬಂದು ಕೂರುತ್ತಿದ್ದರಂತೆ. ನನ್ನ ಎದೆ ಉಬ್ಬಿತು. ಯಾವ ನಾಟಕ ಹೆಚ್ಚು ಹಿಡಿಸಿತು ಎಂದು ಕೇಳಿದೆ.

ಕೋಟೆಯ ರಾಣಿಯದು ಎಂದಳು. ಅಪ್ಪನೇ ಬರೆದದ್ದು ಅದು. ರಾಜ ಯುದ್ಧಕ್ಕೆ ಹೋಗುತ್ತಾನೆ. ರಾಣಿ ದೀಪ ಹಿಡಿದು ಕೋಟೆಯ ಬಾಗಿಲಲ್ಲಿ ಕಾಯುತ್ತಾಳೆ. ರಾಜ ಗಾಯಗೊಂಡು ಬಂದು, ಅವಳ ತೊಡೆಯ ಮೇಲೆ ತಲೆಯಿಟ್ಟು, ದೀರ್ಘವಾಗಿ ಮಾತಾಡಿ ಸಾಯುತ್ತಾನೆ. ಆ ಮಾತು ಮುಗಿದಾಗ ಡೇರೆಯಲ್ಲಿ ಅಳದವರಿಲ್ಲ.

“ನಾ ಹಂಗ ಹೇಳಲಿಲ್ಲ,” ಎಂದಳು ಚನ್ನಬಸಮ್ಮ. “ನಮ್ಮ ಸಾಲಿನವರು ದಿನಾ ಬಾಗಲಾಗ ನಿಂತು ಗಂಡನ ದಾರಿ ಕಾಯೋರಽ ಇದ್ರು. ಕಥಿಯಾಗೂ ಯಾಕ ಮತ್ತ ಕಾಯಬೇಕು? ನನ್ನ ರಾಣಿ ದೀಪ ಆರಿಸಿದಳು. ಕೀಲಿ ಸೊಂಟಕ್ಕ ಸಿಗಿಸ್ಕೊಂಡು ಹಿಂದಿನ ಮೆಟ್ಟಲಿಳಿದು ಹೋದಳು.”

ಅವತ್ತು ಇಡೀ ಸಾಲು ಮಿಷನ್ ನಿಲ್ಲಿಸಿಬಿಟ್ಟಿತಂತೆ. ಏನಾಯಿತೆಂದು ಸೂಪರ್‌ವೈಸರ್ ಓಡಿಬಂದ. ಯಾರೂ ಬಾಯಿ ಬಿಡಲಿಲ್ಲ.

ನಾನು ಕುರ್ಚಿಯ ತುದಿಗೆ ಬಂದಿದ್ದೆ. ಎಲ್ಲಿಗೆ ಹೋದಳು ಎಂದು ಕೇಳಿದೆ. ರಾಜ ಬಂದು ಬಾಗಿಲು ಬಡಿದಾಗ ಯಾರು ತೆಗೆದರು ಎಂದು ಕೇಳಿದೆ. ಕೀಲಿ ಅವಳ ಹತ್ತಿರವೇ ಇದೆಯಲ್ಲ. ಚನ್ನಬಸಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು.

“ಉಳಿದದ್ದು ನಾಳೆ ಕಾರಿನಾಗ. ನೀವು ಗಾಡಿ ನಡಸ್ರಿ, ನಾ ಹೇಳ್ತೀನಿ.”

ಇಷ್ಟು ಹೇಳಿ ದೇವರಿಗೆ ದೀಪ ಹಚ್ಚಲು ಹೋದಳು. ಹಿಂದೆ ಹೋಗಿ ಒಮ್ಮೆ ಕೆದಕಿದೆ, ಹೇಳಲಿಲ್ಲ. ರಾಣಿ ಯಾವ ದಿಕ್ಕಿಗೆ ಹೋಗಿರಬಹುದೆಂದು ನಾನೇ ಊಹಿಸಲು ಕೂತೆ, ಒಂದೂ ಸರಿಹೋಗಲಿಲ್ಲ.

ನಾಳೆ ಬೆಳಿಗ್ಗೆ ಎದ್ದವನೇ ಡಬ್ಬಿಯ ಎಣ್ಣೆ ನೋಡುತ್ತೇನೆ. ಗಾಜು ಒರೆಸುತ್ತೇನೆ. ಎಡಗಡೆಯ ಬಾಗಿಲನ್ನು ನಾನೇ ತೆರೆದು ಹಿಡಿಯುತ್ತೇನೆ. ಆಮೇಲೆ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಮಹದೇವಪುರದಿಂದ ಹೂಡಿಯವರೆಗಿನ ಸಿಗ್ನಲ್ಲುಗಳೆಲ್ಲ ಕೆಂಪಾಗಿಯೇ ಸಿಗಲಿ ಎಂದು ಬೇಡಿಕೊಳ್ಳುತ್ತ, ಕಾಡುಗೋಡಿಗೆ ಬಹಳ ನಿಧಾನವಾಗಿ ಓಡಿಸುತ್ತೇನೆ.